ಎಡಗೈ ತಡವಾಗಿ ಏಳುವ ಪೆಟ್ಟಿಗೆ

“ಅಜ್ಜಾರ, ಆಕಿ ಹುಡಕೊಂಡು ಬಂದ ತಮ್ಮ ಇಲ್ಲಿಲ್ಲ ಅಂತ ಆಕಿಗೆ ಹೆಂಗ ಹೇಳ್ಲಿ?”

ಶಿಷ್ಯ ಮೌನೇಶ ಹೀಗೆ ಕೇಳಿದಾಗ ಗುರುಗಳು ಮಠದ ಪಡಸಾಲೆಯಲ್ಲಿ ಕೂತು ಹುಣಸೆಹಣ್ಣಿನ ಬೀಜ ಬಿಡಿಸುತ್ತಿದ್ದರು. ಮಧ್ಯಾಹ್ನದ ಊಟ ಮುಗಿದಿತ್ತು. ಬಾಗಿಲ ಆಚೆ ಬೇವಿನ ಮರದ ಕೆಳಗೆ ಮೌನೇಶನ ಅಕ್ಕ ಶಂಕ್ರವ್ವ ಬೆಳಗಿನಿಂದ ಕೂತಿದ್ದಳು. ತಾಯಿಯಿಲ್ಲದ ತಮ್ಮನನ್ನು ಸೊಂಟದ ಮೇಲೆ ಹೊತ್ತು ಬೆಳೆಸಿದವಳು ಅವಳು. ಅವಳ ಮಡಿಲಲ್ಲಿ ಒಂದು ಗಂಟು ಇತ್ತು. ಗಂಟಿನಲ್ಲಿ ಶೇಂಗಾ ಹೋಳಿಗೆ ಇದ್ದವು.

ಬಂದ ಕೂಡಲೇ ಅವಳು ಬಾಗಿಲು ಕಾಯುವ ಲಾಲಸಾಬನನ್ನು, ಹೆಸರು ಹೇಳದೆ ಗುಣ ಹೇಳಿ, ಕೇಳಿದ್ದಳು. “ನಮ್ಮ ತಮ್ಮ ಒಳಗ ಅದಾನೇನ್ರೀ? ನಕ್ಕನಂದ್ರ ನಾಕು ಓಣಿಗೆ ಕೇಳಸ್ತೈತಿ. ಉಣ್ಣಾಕ ಕುಂತ್ರ ಏಳಂಗಿಲ್ಲ. ಸಿಟ್ಟು ಮೂಗಿನ ತುದಿ ಮ್ಯಾಲೆ.” ಲಾಲಸಾಬ ಮಠದ ಒಬ್ಬೊಬ್ಬರನ್ನೂ ನೆನೆದು ನೋಡಿದ. ಕಡೆಗೆ, “ಅಂಥಾವ ಯಾರೂ ಇಲ್ಲಿ ಇಲ್ಲವ್ವಾ” ಎಂದ. ಶಂಕ್ರವ್ವ ವಾದ ಮಾಡಲಿಲ್ಲ. “ಇರ್ತಾನ, ಕುಂದರ್ತೀನಿ” ಎಂದು ಮರದ ಕೆಳಗೆ ಕೂತಳು.

ಲಾಲಸಾಬ ಸುಳ್ಳು ಹೇಳಿರಲಿಲ್ಲ. ಮಠಕ್ಕೆ ಬಂದ ಮೇಲೆ ಮೌನೇಶ ತನ್ನನ್ನು ತಾನೇ ಸ್ವಲ್ಪ ಸ್ವಲ್ಪವಾಗಿ ಬದಲಿಸಿಕೊಂಡಿದ್ದ. ಮೊದಲು ಸಿಟ್ಟನ್ನು ತೆಗೆದ. ಆಮೇಲೆ ನಾಲಿಗೆಯ ಚಪಲ ತೆಗೆದ. ಆಮೇಲೆ ನಿದ್ದೆ ಕಡಿಮೆ ಮಾಡಿದ, ಮಾತು ಕಡಿಮೆ ಮಾಡಿದ. ಎಲ್ಲದಕ್ಕಿಂತ ಕಡೆಗೆ ನಗು ಹೋಯಿತು. ಒಂದನ್ನು ತೆಗೆದ ಜಾಗದಲ್ಲಿ ಅದಕ್ಕಿಂತ ಒಳ್ಳೆಯದೊಂದನ್ನು ಇಟ್ಟ. ಗುರುಗಳೇ ಅದನ್ನು ಒಮ್ಮೆ ಎಲ್ಲರೆದುರು ಮೆಚ್ಚಿದ್ದರು.

“ಆಕಿ ಎತ್ತಿ ಆಡಿಸಿದವನದು ಒಂದು ಚೂರೂ ನನ್ನೊಳಗ ಉಳದಿಲ್ಲ ಅಜ್ಜಾರ,” ಎಂದ ಮೌನೇಶ. “ನಾ ಹೋಗಿ ಎದುರಿಗೆ ನಿಂತ್ರ ಅದು ಆಕಿಗೆ ಮಾಡೋ ಮೋಸ. ಇಲ್ಲ ಅಂತ ಹೇಳಿ ಕಳಸೋದ ಛಲೋ ಅಲ್ಲೇನ್ರಿ?”

ಗುರುಗಳು ಕೈಯಲ್ಲಿದ್ದ ಬೀಜವನ್ನು ಪಕ್ಕಕ್ಕೆ ಹಾಕಿದರು. “ಕುಂದರು,” ಎಂದರು. “ನಾನೇನು ಕಾವಿ ಸುತಗೊಂಡ ಹುಟ್ಟಿಲ್ಲ. ಸಣ್ಣಾವ ಇದ್ದಾಗ ದಂಡಿನ ಪ್ಯಾಟ್ಯಾಗ ಇದ್ದೆ. ಅಲ್ಲಿ ಒಂದು ಸೋಡಾ ಅಂಗಡಿ ಇತ್ತು. ಅದರ ಕತಿ ಕೇಳು.”

ಅವರು ಹೇಳಿದ ಕತೆ ಇದು.

ಒಬ್ಬ ವ್ಯಾಪಾರಿ ಇದ್ದ. ಅವನದು ಸೋಡಾ ಅಂಗಡಿ. ದಂಡಿನ ಸಾಹೇಬರ ಕ್ಲಬ್ಬು ಮುಚ್ಚಿದಾಗ ಅವನು ಅಲ್ಲಿಂದ ಎರಡು ಆಟದ ಪೆಟ್ಟಿಗೆ ಕೊಂಡು ತಂದ. ಎರಡೂ ಒಂದೇ ಅಚ್ಚಿನವು, ಅವಳಿಜವಳಿ. ಅವುಗಳ ನಿಜವಾದ ಹೆಸರು ಪಿನ್‌ಬಾಲ್. ಪೇಟೆಯ ಜನ ಗುಂಡಿನ ಪೆಟ್ಟಿಗೆ ಎಂದರು.

ಅದು ನಾಲ್ಕು ಕಾಲಿನ ಮೇಲೆ ಸ್ವಲ್ಪ ಇಳಿಜಾರಾಗಿ ನಿಂತ ಪೆಟ್ಟಿಗೆ. ಮೇಲೆ ಗಾಜು. ಗಾಜಿನ ಕೆಳಗೆ ದೀಪಗಳು, ಗಂಟೆಗಳು, ರಬ್ಬರು ಸುತ್ತಿದ ಗೂಟಗಳು. ಸ್ಪ್ರಿಂಗಿನ ಹಿಡಿಯನ್ನು ಎಳೆದು ಬಿಟ್ಟರೆ ಒಂದು ಉಕ್ಕಿನ ಗುಂಡು ಓಡಿ ಮೇಲಕ್ಕೆ ಹೋಗುತ್ತದೆ. ಅಲ್ಲಿಂದ ಅದು ಇದಕ್ಕೆ ಬಡಿದು, ಅದಕ್ಕೆ ಬಡಿದು, ದೀಪ ಹತ್ತಿಸಿ, ಗಂಟೆ ಬಾರಿಸಿ ಕೆಳಗೆ ಬರುತ್ತದೆ. ಕೆಳತುದಿಯಲ್ಲಿ ಎರಡು ಚಿಕ್ಕ ಕೈಗಳಿವೆ. ಪೆಟ್ಟಿಗೆಯ ಪಕ್ಕಗಳಲ್ಲಿರುವ ಬಟನ್ ಒತ್ತಿದರೆ ಆ ಕೈಗಳು ಎದ್ದು ಗುಂಡನ್ನು ಮತ್ತೆ ಮೇಲಕ್ಕೆ ಹೊಡೆಯುತ್ತವೆ. ಎರಡು ಕೈಗಳ ನಡುವೆ ಜಾರಿದರೆ ಗುಂಡು ಹೋಯಿತು. ಇಷ್ಟೇ ಆಟ. ನಮ್ಮ ಬದುಕೂ ಹೀಗೇ ಎಂದು ಹೇಳಲು ನನಗೆ ಬಾಯಿ ತುರಿಸುತ್ತಿದೆ. ಆದರೆ ಹೇಳುವುದಿಲ್ಲ.

ಪೆಟ್ಟಿಗೆಯ ಹೊಟ್ಟೆಯಲ್ಲಿ ಜಾಣತನವೇನೂ ಇಲ್ಲ. ತಂತಿಯ ಸುರುಳಿಗಳು, ಹಲ್ಲಿನ ಚಕ್ರಗಳು, ಸ್ಪ್ರಿಂಗುಗಳು, ತಾಮ್ರದ ನಾಲಿಗೆಗಳು. ಒಂದು ನಾಲಿಗೆ ಇನ್ನೊಂದನ್ನು ಮುಟ್ಟಿದರೆ ದೀಪ ಹತ್ತುತ್ತದೆ. ಇನ್ನೊಂದು ಮುಟ್ಟಿದರೆ ಅಂಕಿಯ ಚಕ್ರ ತಿರುಗುತ್ತದೆ. ಎಲ್ಲ ನಡೆಯುವುದು ಮುಟ್ಟುವುದರಿಂದ, ಆದ್ದರಿಂದ ಎಲ್ಲವೂ ಸವೆಯುತ್ತದೆ.

ಅಂಗಡಿಯಲ್ಲಿ ಒಂದಕ್ಕೆ ಮಾತ್ರ ಜಾಗವಿತ್ತು. ಅದನ್ನು ಮುಂದೆ ಇಟ್ಟರು. ಇನ್ನೊಂದಕ್ಕೆ ಗೋಣಿತಟ್ಟು ಹೊದಿಸಿ ಹಿಂದಿನ ಕೋಣೆಯಲ್ಲಿ ನಿಲ್ಲಿಸಿದರು.

ಎದುರಿಗೆ ಒಬ್ಬ ದರ್ಜಿಯ ಅಂಗಡಿ ಇತ್ತು, ಅದರ ಹಿಂದೆಯೇ ಅವನ ಮನೆ. ದರ್ಜಿ ದಿನವೂ ಸಂಜೆ ಹೊಲಿಗೆ ನಿಲ್ಲಿಸಿ, ರಸ್ತೆ ದಾಟಿ ಬಂದು, ಒಂದು ಸೋಡಾ ಕುಡಿದು ಪೆಟ್ಟಿಗೆಯ ಮುಂದೆ ನಿಲ್ಲುತ್ತಿದ್ದ. ವರ್ಷಗಳು ಹೋದವು. ಮುಂದಿನ ಪೆಟ್ಟಿಗೆ ಸವೆಯುತ್ತ ಬಂತು. ಗಂಟೆ ಬಡಿದರೆ ಅರ್ಧ ದನಿ ಬರುತ್ತಿತ್ತು, ಉಳಿದರ್ಧ ಗಂಟಲಲ್ಲೇ ನಿಲ್ಲುತ್ತಿತ್ತು. ಅಂಕಿಯ ಚಕ್ರ ತಿರುಗಲೋ ಬೇಡವೋ ಎಂದು ಅನುಮಾನಿಸುತ್ತಿತ್ತು. ಎಡಗೈಯಂತೂ ಬಹಳ ಕೆಟ್ಟಿತ್ತು. ಅದನ್ನು ಎಬ್ಬಿಸುವ ಸುರುಳಿಯೊಳಗೆ ಒಂದು ಕಬ್ಬಿಣದ ಕಡ್ಡಿ ಓಡಾಡುತ್ತದೆ. ಆ ಕಡ್ಡಿಯ ತುದಿ ಬಡಿದು ಬಡಿದು ಅಣಬೆಯಂತೆ ಅರಳಿತ್ತು. ಬಟನ್ ಒತ್ತಿದರೆ ಕಡ್ಡಿ ಮೊದಲು ಅಲ್ಲೇ ಸಿಕ್ಕಿಕೊಳ್ಳುತ್ತಿತ್ತು, ಆಮೇಲೆ ಬಿಡಿಸಿಕೊಂಡು ಹೊರಡುತ್ತಿತ್ತು. ಅಷ್ಟರಲ್ಲಿ ಗುಂಡು ಜಾರಿ ಹೋಗುತ್ತಿತ್ತು.

ಉಳಿದವರು ಬೈದರು. ದರ್ಜಿ ಬೈಯಲಿಲ್ಲ, ಕಲಿತ. ಎಡಗಡೆಯ ಬಟನನ್ನು ಅವನು ಗುಂಡು ಬರುವುದಕ್ಕೆ ಒಂದು ಉಸಿರು ಮುಂಚೆಯೇ ಒತ್ತುತ್ತಿದ್ದ. ಕಿವಿ ಮಂದವಾದ ಅತ್ತೆಯನ್ನು ಸೊಸೆ ಬೇಕಾಗುವುದಕ್ಕಿಂತ ಮೊದಲೇ ಕೂಗಿ ಇಡುವ ಹಾಗೆ. ಕೈ ಯೋಚನೆ ಮಾಡಿ ಏಳುವ ಹೊತ್ತಿಗೆ ಸರಿಯಾಗಿ ಗುಂಡು ಅಲ್ಲಿಗೆ ಬಂದಿರುತ್ತಿತ್ತು. ನೋಡುವವರು ನಗುತ್ತಿದ್ದರು. “ಗುಂಡು ಇನ್ನಾ ಸಂತ್ಯಾಗ ಐತಿ, ಇಂವ ಆಗಲೇ ಬಾಗಲಾ ತಗದ” ಎನ್ನುತ್ತಿದ್ದರು. ನಗಲಿ ಬಿಡು. ಆ ಎಡಗೈಯ ಮರ್ಜಿ ಅವನೊಬ್ಬನಿಗೇ ಗೊತ್ತಿತ್ತು.

ದೀಪ ಹಚ್ಚುವ ಹೊತ್ತಿಗೆ ದರ್ಜಿಯ ಹೆಂಡತಿ ಅವನನ್ನು ಊಟಕ್ಕೆ ಕರೆಯಲು ಬರುತ್ತಿದ್ದಳು. ಹಿಂದೆ ನಿಂತು, “ಊಟ ಆರ್ತೈತಿ, ಬರ್ರಿ” ಎನ್ನುತ್ತಿದ್ದಳು. ಅವನು ತಿರುಗಿ ನೋಡುತ್ತಿರಲಿಲ್ಲ. “ಬಂದೆ, ಇದೊಂದ ಗುಂಡು” ಎನ್ನುತ್ತಿದ್ದ. ಆ ಗುಂಡು ಹೋದ ಮೇಲೆ ಇನ್ನೊಂದು ಬರುತ್ತಿತ್ತು. ಅವಳು ನಿಂತು ನಿಂತು, ಕಾಲು ಸೋತು, ಬೈದುಕೊಳ್ಳುತ್ತ ಒಬ್ಬಳೇ ಮನೆಗೆ ಹೋಗುತ್ತಿದ್ದಳು. ಓಣಿಯವರ ಮುಂದೆ ಅವಳು ಆ ಪೆಟ್ಟಿಗೆಯನ್ನು ಸವತಿ ಎಂದೇ ಕರೆಯುತ್ತಿದ್ದಳು. “ನನ್ನ ಸವತಿಗೆ ನಾಕು ಕಾಲು, ಮೈತುಂಬಾ ದೀಪ. ನಾ ಎಲ್ಲಿ ಆಕಿಗೆ ಸಾಟಿ?”

ಇಲ್ಲಿ ಮೌನೇಶನ ತುಟಿಯ ಅಂಚು ಅಲುಗಿತು. ಅವನು ಅದನ್ನು ಕೂಡಲೇ ಬಿಗಿದುಕೊಂಡ. ಗುರುಗಳು ನೋಡಿದರು, ನೋಡದವರಂತೆ ಮುಂದುವರಿಸಿದರು.

ಒಂದು ವರ್ಷ ಪೇಟೆಗೆ ಕೆಟ್ಟ ಜ್ವರ ಬಂತು. ದರ್ಜಿ ಮಲಗಿದ. ಜ್ವರ ಇಳಿಯಿತು, ಆದರೆ ಬರಿಗೈಯಲ್ಲಿ ಹೋಗಲಿಲ್ಲ. ಹೋಗುವಾಗ ಅವನ ನೆನಪನ್ನೆಲ್ಲ ಕಟ್ಟಿಕೊಂಡು ಹೋಯಿತು. ತುತ್ತು ಕೊಟ್ಟರೆ ಉಣ್ಣುತ್ತಿದ್ದ, ಕೈ ಹಿಡಿದರೆ ನಡೆಯುತ್ತಿದ್ದ. ಕತ್ತರಿ ಕೊಟ್ಟರೆ, ಬಸ್ ನಿಲ್ದಾಣದಲ್ಲಿ ಯಾರದೋ ಸಾಮಾನು ಕಾಯುವವನ ಹಾಗೆ ಸುಮ್ಮನೆ ಹಿಡಿದು ಕೂತಿರುತ್ತಿದ್ದ. ಬೆಳಗ್ಗೆ ಎದ್ದು ಹೆಂಡತಿಯನ್ನು ಬಹಳ ಮರ್ಯಾದೆಯಿಂದ ಕೇಳುತ್ತಿದ್ದ. “ನಿಮ್ಮದು ಯಾವೂರವ್ವಾ?”

ಅವಳು ಹೇಳುತ್ತಿದ್ದಳು. ಮರುದಿನ ಮತ್ತೆ ಕೇಳುತ್ತಿದ್ದ. ಮತ್ತೆ ಹೇಳುತ್ತಿದ್ದಳು. ಬೈಗುಳ ತಿಂದು ಬದುಕಬಹುದು, ಈ ಮರ್ಯಾದೆ ತಿಂದು ಬದುಕುವುದು ಕಷ್ಟ. ಗಂಡ ಜೀವಂತ ಇದ್ದೂ ಅವಳಿಗೆ ಗಂಡನಿರಲಿಲ್ಲ.

ಇತ್ತ ಸೋಡಾ ಅಂಗಡಿಗೆ ಜನ ಕಡಿಮೆಯಾದರು. ಎಡಗೈ ಏಳದ ಪೆಟ್ಟಿಗೆಗೆ ಯಾವ ಹುಡುಗ ಬರುತ್ತಾನೆ? ವ್ಯಾಪಾರಿ ಒಬ್ಬ ಮಿಸ್ತ್ರಿಯನ್ನು ಕರೆಸಿ, ಇದನ್ನು ಹೊಸದರ ಹಾಗೆ ಮಾಡಿಕೊಡು ಎಂದ. ಪೆಟ್ಟಿಗೆ ಮಾಡಿದ ಕಂಪನಿ ಯಾವಾಗಲೋ ಮುಚ್ಚಿತ್ತು. ಬಿಡಿಭಾಗಗಳು ಎಲ್ಲಿಯೂ ಸಿಗುತ್ತಿರಲಿಲ್ಲ. ಆದರೆ ಹಿಂದಿನ ಕೋಣೆಯಲ್ಲಿ ಅದರ ಅವಳಿ ಪೆಟ್ಟಿಗೆ ಇತ್ತಲ್ಲ. ಅಂಗಡಿಗೆ ಬಂದ ಮೇಲೆ ಅದನ್ನು ಯಾರೂ ಆಡಿರಲಿಲ್ಲ. ಅದರೊಳಗಿನದೆಲ್ಲ ಹೊಸದರಂತೆಯೇ ಇತ್ತು.

ಸೋಮವಾರ ಅಂಗಡಿಗೆ ರಜೆ. ಮಿಸ್ತ್ರಿ ಸೋಮವಾರ ಬಂದು ಹಿಂದಿನ ಪೆಟ್ಟಿಗೆಯಿಂದ ಒಂದು ಭಾಗ ಬಿಚ್ಚಿ ತಂದು ಮುಂದಿನದಕ್ಕೆ ಕೂರಿಸುತ್ತಿದ್ದ. ಅವನದೊಂದು ಪದ್ಧತಿ ಇತ್ತು. ಬಿಚ್ಚಿದ ಜಾಗವನ್ನು ಅವನು ಖಾಲಿ ಬಿಡುತ್ತಿರಲಿಲ್ಲ. ಮುಂದಿನದರಿಂದ ತೆಗೆದ ಸವೆದ ಭಾಗವನ್ನು ಒರೆಸಿ, ಹಿಂದೆ ಹೋಗಿ, ಅದೇ ಜಾಗದಲ್ಲಿ ಅದೇ ತಂತಿ ಸೇರಿಸಿ, ಸ್ಕ್ರೂ ಬಿಗಿದು ಬರುತ್ತಿದ್ದ.

ವ್ಯಾಪಾರಿಗೆ ಇದು ಹುಚ್ಚಾಗಿ ಕಂಡಿತು. “ಸವದದ್ದನ್ನ ಮತ್ತ ಯಾಕ ಕಟ್ಟತಿ? ಗುಜರಿಗೆ ಒಗಿ” ಎಂದ.

“ಖಾಲಿ ಜಾಗಾ ಬಿಡಬಾರದ್ರೀ ಸಾವ್ಕಾರ್ರ,” ಎಂದ ಮಿಸ್ತ್ರಿ. “ಇಲಿ ಮನಿ ಮಾಡ್ತೈತಿ. ಆಮ್ಯಾಲ ಯಾವ ತಂತಿ ಎಲ್ಲೀದು ಅನ್ನೋದು ನಮಗೂ ಮರತ್ ಹೋಗ್ತೈತಿ.”

ಅವನ ಮಾತಿನಲ್ಲಿ ವೇದಾಂತ ಹುಡುಕಬೇಡ. ಅವನು ಇಲಿಯ ಬಗ್ಗೆಯೇ ಹೇಳಿದ್ದು.

ಹೀಗೆ ಸೋಮವಾರದ ಮೇಲೆ ಸೋಮವಾರ ಹೋಯಿತು. ಗಂಟೆ ಹಿಂದಕ್ಕೆ ಹೋಯಿತು, ಗಂಟೆ ಮುಂದಕ್ಕೆ ಬಂತು. ರಬ್ಬರಿನ ಬಳೆಗಳು ಹೋದವು, ಬಂದವು. ಅಂಕಿಯ ಚಕ್ರಗಳು, ತಾಮ್ರದ ನಾಲಿಗೆಗಳು, ಸ್ಪ್ರಿಂಗುಗಳು ಹೋದವು, ಬಂದವು. ಎಲ್ಲಕ್ಕಿಂತ ಕಡೆಗೆ ಎಡಗೈಯ ಸುರುಳಿ ಮತ್ತು ಅಣಬೆ ತಲೆಯ ಆ ಕಡ್ಡಿ ಹಿಂದಕ್ಕೆ ಹೋದವು. ಮುಂದಿನ ಪೆಟ್ಟಿಗೆ ದಿನದಿಂದ ದಿನಕ್ಕೆ ಎಳೆಯದಾಯಿತು. ಹಿಂದಿನದು ಗೋಣಿತಟ್ಟಿನ ಕೆಳಗೆ, ಕತ್ತಲಲ್ಲಿ, ದಿನದಿಂದ ದಿನಕ್ಕೆ ಮುದಿಯಾಯಿತು. ಒಂದು ಬೆರಳೂ ಮುಟ್ಟದೆ ಅದಕ್ಕೆ ಅಷ್ಟು ವರ್ಷಗಳ ಸವೆತ ಬಂದು ಕೂತಿತು. ಒಬ್ಬರು ನಿದ್ದೆ ಮಾಡುತ್ತಿರುವಾಗ ಇನ್ನೊಬ್ಬರ ಕನಸು ಅವರೊಳಗೆ ಇಳಿದ ಹಾಗೆ. ಯಾರಿಗೂ ಅದು ಗೊತ್ತಾಗಲಿಲ್ಲ. ಕೂರಿಸಿದ ಮಿಸ್ತ್ರಿಗೂ ಹೊಳೆಯಲಿಲ್ಲ.

ಕೆಲಸ ಮುಗಿದ ದಿನ ವ್ಯಾಪಾರಿ ಪೇಡೆ ಹಂಚಿದ. ಹುಡುಗರು ತಿರುಗಿ ಬಂದರು. ಹೊಸ ಗಂಟೆಯ ದನಿ ಎದುರಿನ ದರ್ಜಿಯ ಮನೆಗೂ ಕೇಳಿತು.

ದರ್ಜಿಯ ಹೆಂಡತಿ ಅಷ್ಟರೊಳಗೆ ಮಾಡದ ಉಪಾಯವಿರಲಿಲ್ಲ. ಔಷಧಿ ಕುಡಿಸಿದ್ದಳು, ಹರಕೆ ಹೊತ್ತಿದ್ದಳು, ಮದುವೆಯ ಸೀರೆ ಉಟ್ಟು ಎದುರಿಗೆ ನಿಂತಿದ್ದಳು. ಸೀರೆ ಬಹಳ ಚೆಂದ ಇದೆ ಎಂದಿದ್ದ ಅವನು, ಯಾವೂರವ್ವಾ ಎಂದಿದ್ದ. ಒಂದು ಮಧ್ಯಾಹ್ನ ಗಂಟೆಯ ದನಿ ಕೇಳುತ್ತ ಕೂತವಳಿಗೆ ತನ್ನ ಸವತಿಯ ನೆನಪಾಯಿತು. ನನ್ನನ್ನು ಮರೆತರೆ ಮರೆಯಲಿ, ಆಕೆಯನ್ನಾದರೂ ನೆನೆಯಲಿ ಎಂದುಕೊಂಡಳು. ನೋಡು, ಎಂಥ ಮಾತು ಅದು. ಗಂಡನ ಕೈ ಹಿಡಿದು ರಸ್ತೆ ದಾಟಿದಳು.

ವ್ಯಾಪಾರಿ ಎದ್ದು ಬಂದು ಹುಡುಗರನ್ನು ಸರಿಸಿ ಜಾಗ ಮಾಡಿಕೊಟ್ಟ. ದರ್ಜಿ ಪೆಟ್ಟಿಗೆಯ ಮುಂದೆ ನಿಂತ. ಯಾರೂ ಹೇಳಿಕೊಡದೆ ಅವನ ಬೆರಳುಗಳು ಹೋಗಿ ಎರಡು ಪಕ್ಕದ ಬಟನ್‌ಗಳ ಮೇಲೆ ಕೂತವು.

ವ್ಯಾಪಾರಿ ಹಿಡಿ ಎಳೆದು ಬಿಟ್ಟ. ಗುಂಡು ಮೇಲೆ ಹೋಯಿತು, ಗಂಟೆಗಳನ್ನು ಬಾರಿಸಿ ಎಡಗಡೆಗೆ ಇಳಿಯಿತು. ದರ್ಜಿ ಒತ್ತಿದ. ಅದೇ ಒಂದು ಉಸಿರು ಮುಂಚೆ. ಹೊಸ ಎಡಗೈ ಥಟ್ಟನೆ ಎದ್ದಿತು, ಥಟ್ಟನೆ ಬಿದ್ದಿತು. ಆಮೇಲೆ ಗುಂಡು ನಿಧಾನವಾಗಿ ಬಂದು ಬರಿದಾದ ಜಾಗದಲ್ಲಿ ಜಾರಿ ಹೋಯಿತು. ಮತ್ತೊಂದು ಗುಂಡೂ ಹಾಗೇ ಹೋಯಿತು. ಅದರ ಮುಂದಿನದೂ ಹಾಗೇ. ಹುಡುಗರು ನಕ್ಕರು.

ದರ್ಜಿ ಕೈ ತೆಗೆದು ಹಿಂದೆ ಸರಿದ. ಪೆಟ್ಟಿಗೆಗೆ ಕೈ ಮುಗಿದ. “ತಪ್ಪಾತ್ರೀ,” ಎಂದ, “ಬ್ಯಾರೇದವರ ಮನಿಗೆ ಬಂದ್ವಿ.”

ಹೆಂಡತಿ ವ್ಯಾಪಾರಿಯ ಕಡೆ ತಿರುಗಿದಳು. “ನನ್ನ ಸವತೀನ ಎಲ್ಲಿ ಕಳಿಸಿದ್ರಿ?”

“ಇದು ಅದ ಪೆಟ್ಟಿಗಿ ತಂಗೀ. ಅದ ಕಾಲು, ಅದ ಜಾಗಾ. ಬರೇ ಸವದದ್ದು ತಗದೀವಿ.”

“ಅವರು ಆಡತಿದ್ದದ್ದು ಆ ಸವದದ್ದರ ಜೋಡೀನ ರೀ!”

ಹೀಗೆ ಹೇಳಿ ಅವಳು ಸೆರಗು ಬಾಯಿಗೆ ಒತ್ತಿಕೊಂಡಳು. ಮಿಸ್ತ್ರಿ ಅಂದು ಅಲ್ಲೇ ಮೂಲೆಯಲ್ಲಿ ಸೋಡಾ ತುಂಬುವ ಯಂತ್ರ ಬಿಚ್ಚಿಕೊಂಡು ಕೂತಿದ್ದ. ಅವನ ಕೈ ನಿಂತಿತು. ಸ್ವಲ್ಪ ಹೊತ್ತು ಅವನು ದರ್ಜಿಯ ಎಡಗೈಯನ್ನೇ ನೋಡಿದ. ಆಮೇಲೆ ಎದ್ದು, ಮೊಳೆಗೆ ತೂಗಿದ್ದ ಹಿಂದಿನ ಕೋಣೆಯ ಬೀಗದ ಕೈ ತೆಗೆದುಕೊಂಡ.

ಕೋಣೆಯಲ್ಲಿ ಮೇಲಿನ ಗವಾಕ್ಷಿಯಿಂದ ಬರುವಷ್ಟೇ ಬೆಳಕು. ಮಿಸ್ತ್ರಿ ಗೋಣಿತಟ್ಟು ಎಳೆದ. ಧೂಳು ಎದ್ದು ಆ ಬೆಳಕಿನಲ್ಲಿ ತೇಲಿತು. ಅವನು ಪೆಟ್ಟಿಗೆಯ ಬೆನ್ನು ತೆಗೆದು, ಒಂದು ಹಳೆಯ ಅಂಚೆ ಕಾರ್ಡು ಸೀಳಿ, ಕಿಲುಬು ಹೋಗಲೆಂದು ತಾಮ್ರದ ನಾಲಿಗೆಗಳ ನಡುವೆ ಒಂದೊಂದಾಗಿ ಆಡಿಸಿದ. ಕರೆಂಟಿನ ತಂತಿ ತಂದು ಜೋಡಿಸಿದ. ತುಂಬ ಹೊತ್ತು ಏನೂ ಆಗಲಿಲ್ಲ. ಆಮೇಲೆ ಒಳಗೆಲ್ಲೋ ಒಂದು ಚಕ್ರ ಮಗ್ಗುಲು ಬದಲಿಸಿತು. ಒಂದು ದೀಪ ಹತ್ತಿತು, ಇನ್ನೊಂದು ಹತ್ತಿತು, ಕೆಲವು ಹತ್ತಲಿಲ್ಲ. ಹಳದಿ ಬೆಳಕು ಸೋಡಾ ಬಾಟಲಿಗಳ ಮೇಲೆ, ಗೋಡೆಯ ಮೇಲೆ, ಹೊಸ್ತಿಲ ಮೇಲೆ ಬಿತ್ತು. ಗಂಟೆ ಒಮ್ಮೆ ಬಡಿಯಿತು. ಅರ್ಧ ದನಿ ಬಂತು, ಉಳಿದರ್ಧ ಗಂಟಲಲ್ಲೇ ನಿಂತಿತು.

ಹೊಸ್ತಿಲಲ್ಲಿ ನಿಂತಿದ್ದ ದರ್ಜಿ ತಲೆಯೆತ್ತಿದ. ಹೆಂಡತಿಯ ಕೈಯಿಂದ ತನ್ನ ಕೈ ಬಿಡಿಸಿಕೊಂಡ. ತಾನೇ ನಡೆದು ಹೋಗಿ ಪೆಟ್ಟಿಗೆಯ ಮುಂದೆ ನಿಂತ. ತಾನೇ ಹಿಡಿ ಎಳೆದು ಬಿಟ್ಟ.

ಗುಂಡು ಮೇಲೆ ಹೋಯಿತು. ಆ ಮಬ್ಬಿನಲ್ಲಿ ಅದು ಓಡುವುದು ಕಾಣುತ್ತಿರಲಿಲ್ಲ. ಅದು ಮುಟ್ಟಿದಲ್ಲಿ ದೀಪ ಹತ್ತುವುದಷ್ಟೇ ಕಾಣುತ್ತಿತ್ತು. ಒಂದು ಬೆಳಕು ಎಡಕ್ಕೆ ಇಳಿಯುತ್ತ ಬಂತು. ಅದು ಇನ್ನೂ ದೂರ ಇರುವಾಗಲೇ ದರ್ಜಿ ಒತ್ತಿದ. ಎಡಗೈ ಒಂದು ಕ್ಷಣ ಯೋಚಿಸಿತು. ಆಮೇಲೆ ಎದ್ದಿತು. ಗುಂಡು ಸರಿಯಾಗಿ ಅಲ್ಲಿತ್ತು.

ಅವನು ಆಡಿದ. ಎಷ್ಟು ಹೊತ್ತು ಆಡಿದನೋ ಯಾರೂ ಗಮನಿಸಲಿಲ್ಲ. ಮುಂದೆ ಯಾರೋ ಸೋಡಾ ಸೋಡಾ ಎಂದು ಕೂಗುತ್ತಿದ್ದರು, ವ್ಯಾಪಾರಿಗೆ ಕೇಳಿಸಲಿಲ್ಲ. ಹುಡುಗರು ಬಾಗಿಲಲ್ಲಿ ಬಂದು ನಿಂತರು, ಆದರೆ ಈಗ ನಗಲಿಲ್ಲ. ಗವಾಕ್ಷಿಯ ಬೆಳಕು ಗೋಡೆ ಹತ್ತಿ ಕೆಂಪಾಯಿತು. ಹೆಂಡತಿ ತಾನು ಮೊದಲೆಲ್ಲ ನಿಲ್ಲುತ್ತಿದ್ದ ಹಾಗೆ ಅವನ ಬೆನ್ನ ಹಿಂದೆ ಹೋಗಿ ನಿಂತಳು. “ಊಟ ಆರ್ತೈತಿ, ಬರ್ರಿ” ಎಂದಳು.

ಅವನು ತಿರುಗಿ ನೋಡಲಿಲ್ಲ.

“ಬಂದೆ,” ಎಂದ. “ಇದೊಂದ ಗುಂಡು.”

ಎಷ್ಟು ವರ್ಷ ಆ ಮಾತು ಕೇಳಿ ಅವಳ ಮೈ ಉರಿದಿತ್ತು! ಆ ಸಂಜೆ ಅದನ್ನೇ ಕೇಳಿ ಅವಳು ಸೋಡಾ ಬಾಟಲಿಯ ಪೆಟ್ಟಿಗೆಯ ಮೇಲೆ ಕುಸಿದು ಕೂತು ಅತ್ತಳು. ಅಳುತ್ತಲೇ, “ಆಡ್ರಿ, ಇನ್ನೊಂದು ಗುಂಡು ಆಡ್ರಿ” ಎಂದಳು.

ಗುರುಗಳು ಕತೆ ನಿಲ್ಲಿಸಿದರು. ಬುಟ್ಟಿಯಿಂದ ಇನ್ನೊಂದು ಹುಣಸೆಹಣ್ಣು ತೆಗೆದುಕೊಂಡರು.

ಮೌನೇಶ ಕೇಳಿದ. “ಅವನಿಗೆ ಎಲ್ಲಾ ನೆನಪಾತೇನ್ರಿ?”

“ಎಲ್ಲಿಂದ ನೆನಪಾಗ್ತೈತಿ? ಮರುದಿನ ಮುಂಜಾನೆ ಮತ್ತ ಯಾವೂರವ್ವಾ ಅಂದ್ನಂತ. ಆದ್ರ ದಿನಾ ಸಂಜಿಕ ಆಕಿ ಅವನ ಕೈ ಹಿಡಕೊಂಡು ಹಿಂದಿನ ಕ್ವಾಣಿಗೆ ಹೋಗತಿದ್ಲು. ಅಲ್ಲಿ ಅವ ಆಕಿ ಗಂಡ ಆಗತಿದ್ದ.”

“ಹಂಗಾದ್ರ ಮುಂದಿನ ಪೆಟ್ಟಿಗಿ ಛಲೋ ಮಾಡಿದ್ದ ತಪ್ಪೇನ್ರಿ?”

“ತಪ್ಪು ಅಂತ ಯಾರು ಅಂದ್ರು? ಛಲೋ ಪೆಟ್ಟಿಗಿ ಅದು. ಊರ ಹುಡುಗರೆಲ್ಲಾ ಆಡತಿದ್ರು. ನೀನೂ ಛಲೋ ಆಗೀದಿ, ನಾನ ಹೇಳಿಲ್ಲೇನು?”

ಮೌನೇಶ ಸೋಲಲಿಲ್ಲ. “ಅಜ್ಜಾರ, ಆ ಸೋಡಾ ಅಂಗಡಿಗೆ ಹಿಂದ ಇನ್ನೊಂದು ಕ್ವಾಣಿ ಇತ್ತು. ತಗದದ್ದನ್ನೆಲ್ಲಾ ಅಲ್ಲಿ ಇಟ್ರು. ನಾ ಎಲ್ಲಾ ಒಗದೀನಿ. ನನಗ ಹಿಂದಿನ ಕ್ವಾಣಿ ಎಲ್ಲೈತ್ರಿ?”

ಗುರುಗಳು ಬಾಗಿಲ ಕಡೆ ನೋಡಿದರು.

“ನೀ ಬಿಚ್ಚಿ ಒಗದದ್ದನ್ನೆಲ್ಲಾ ಒಂದೊಂದ ಆರಿಸಿ ಇಟಗೊಂಡಾಕಿ ಹೊರಗ ಕುಂತಾಳ, ಬೇವಿನ ನೆರಳ ಸರದೈತಿ, ಆಕಿ ಸರದಿಲ್ಲ.”